ನಾಯಕಿಯಾಗಿ ಬಂದರು, ಅವ್ವನಾಗಿ ಉಳಿದರು: ಪಂಢರಿಬಾಯಿಯ ಐವತ್ತು ವರ್ಷ

ಬಸ್‌ನ್ಯಾಗ ಇದ್ದವರು, ಹೊಲದ ಬದುವಿನ ಮ್ಯಾಲೆ ಕುಂತವರು, ಹಾಸ್ಟೆಲ್ ರೂಮಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಮಲಗಿದವರು, ಎಲ್ಲರಿಗೂ ಸ್ವಾಗತ. ನಾನು ಮಾತಾಡ್ತಿರೋದು ಸುರಪುರದ ಮಗ್ಗುಲಿನ ರಂಗಂಪೇಟೆಯಿಂದ. ಇವತ್ತಿನ ಕಥೆ ಒಬ್ಬ ನಟಿಯದು. ಅವರ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ, ಆದರೆ ಮುಖ ನೋಡಿದ್ರೆ ಗುರುತು ಹಿಡೀತೀರಿ. ಟಿವಿಯಲ್ಲಿ ಹಳೆಯ ಪಿಕ್ಚರ್ ಬಂದಾಗ ಬಿಳಿ ಕೂದಲು, ದೊಡ್ಡ ಕುಂಕುಮ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿರ್ತಾರಲ್ಲ, ಆ ಅಮ್ಮ. ಅವರೇ ಪಂಢರಿಬಾಯಿ.

ಮೊದಲು ಒಂದು ಲೆಕ್ಕ ಹೇಳ್ತೀನಿ, ಕೇಳ್ರಿ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಅದರಲ್ಲಿ ರಾಜ್‌ಕುಮಾರ್ ನಾಯಕ, ಪಂಢರಿಬಾಯಿ ನಾಯಕಿ, ಇಬ್ಬರೂ ಗಂಡ ಹೆಂಡತಿ. 1986ರಲ್ಲಿ 'ಅನುರಾಗ ಅರಳಿತು' ಬಂತು. ಅದರಲ್ಲೂ ರಾಜ್‌ಕುಮಾರ್ ನಾಯಕ. ಪಂಢರಿಬಾಯಿ ಯಾರು? ನಾಯಕನ ತಾಯಿ. ನಡುವೆ ಕಳೆದದ್ದು 32 ವರ್ಷ. ಆ 32 ವರ್ಷ ಇಬ್ಬರಿಗೂ ಒಂದೇ ಅಲ್ಲೇನು? ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ, ಪಂಢರಿಬಾಯಿ ಅವರ ಓರಗೆಯವರೇ. ಆದರೆ ತೆರೆಯ ಮೇಲೆ ಒಬ್ಬರಿಗೆ ವಯಸ್ಸು ನಿಂತುಬಿಡ್ತು, ಇನ್ನೊಬ್ಬರಿಗೆ ಎರಡು ಪಟ್ಟು ಓಡಿತು. ಹಿಂಗ್ಯಾಕಾಯ್ತು ಅನ್ನೋದನ್ನ ಇವತ್ತು ನೋಡೋಣ.

ಭಟ್ಕಳದ ಗೀತಾ

ಅವರು ಹುಟ್ಟಿದ್ದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಗೀತಾ. ಪಂಢರಪುರದ ವಿಠಲನ ನೆನಪು ತರುವ ಪಂಢರಿಬಾಯಿ ಅನ್ನೋ ಹೆಸರು ಆಮೇಲೆ ಬಂದದ್ದು. ನಮ್ಮ ಭಾಗದಲ್ಲಿ ಪಂಢರಪುರಕ್ಕೆ ದಿಂಡಿ ಹೋಗೋದನ್ನು ನೋಡಿದವರಿಗೆ ಈ ಹೆಸರಿನ ತೂಕ ಗೊತ್ತಿರ್ತದೆ. ಹರಿಕಥೆ ಮತ್ತು ಪೌರಾಣಿಕ ನಾಟಕಗಳ ನಡುವೆ ಅವರು ಕಲಿತರು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಕುಂತವನಿಗೂ ಕೇಳೋ ಹಾಗೆ ಮಾತಾಡಬೇಕು, ಅಳು ಬಂದರೂ ಮಾತು ಒಡೀಬಾರದು. ಈ ತರಬೇತಿ ಮುಂದೆ ಐವತ್ತು ವರ್ಷ ಅವರಿಗೆ ಅನ್ನ ಹಾಕಿತು. ತಂಗಿ ಮೈನಾವತಿ ಕೂಡ ಮುಂದೆ ಹೆಸರಾಂತ ನಟಿ ಆದರು.

ಮೊದಲ ಚಿತ್ರ 1943ರ 'ವಾಣಿ'. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ನಟಿಸಿದ ಚಿತ್ರ ಅದು. ಕನ್ನಡದಲ್ಲಿ ಮಾತಿನ ಚಿತ್ರ ಶುರುವಾಗಿ ಆಗ ಒಂಬತ್ತು ವರ್ಷ. ವರ್ಷಕ್ಕೆ ಬೆರಳೆಣಿಕೆಯಷ್ಟು ಕನ್ನಡ ಚಿತ್ರ ಬಂದರೆ ಅದೇ ದೊಡ್ಡದು. ಸ್ಟುಡಿಯೋ, ಲ್ಯಾಬು, ದುಡ್ಡು ಎಲ್ಲ ಮದರಾಸಿನಲ್ಲಿ. ಹೀಗಾಗಿ ಕನ್ನಡದ ಕಲಾವಿದರು ಬದುಕಬೇಕಂದ್ರೆ ಅಲ್ಲಿಗೇ ಹೋಗಬೇಕಿತ್ತು. ತಮಿಳು ಕಲೀಬೇಕು, ತೆಲುಗು ಕಲೀಬೇಕು. ಪಂಢರಿಬಾಯಿ ಕಲಿತರು.

ಇಬ್ಬರು ದೊಡ್ಡವರ ಮೊದಲ ನಾಯಕಿ

1952ರ ದೀಪಾವಳಿಗೆ ಮದರಾಸಿನಲ್ಲಿ 'ಪರಾಶಕ್ತಿ' ಬಿಡುಗಡೆ ಆಯ್ತು. ಸಂಭಾಷಣೆ ಬರೆದವರು ಎಂ. ಕರುಣಾನಿಧಿ. ನಾಯಕ ಒಬ್ಬ ಹೊಸ ಹುಡುಗ, ರಂಗಭೂಮಿಯಿಂದ ಬಂದವನು, ಬಡಕಲು. ಇವನು ಬೇಡ, ಬೇರೆಯವನನ್ನು ಹಾಕಿಕೊಳ್ಳೋಣ ಅನ್ನೋ ಮಾತೂ ಬಂದಿತ್ತು. ಆ ಹುಡುಗನೇ ಶಿವಾಜಿ ಗಣೇಶನ್. ಅವನ ಎದುರು ವಿಮಲಾ ಅನ್ನೋ ಪಾತ್ರ ಮಾಡಿದವರು ಪಂಢರಿಬಾಯಿ. ಬರೀ ನಿನ್ನ ಮನೆಯ ಕಷ್ಟ ನೋಡ್ಕೊಂಡರೆ ಸಾಲದು, ಸುತ್ತಲಿನ ಜನರನ್ನೂ ನೋಡು ಅಂತ ನಾಯಕನಿಗೆ ತಿಳಿಹೇಳುವ ಪಾತ್ರ.

ಮುಂದೆ 1953ರಲ್ಲಿ ಕನ್ನಡದ 'ಗುಣಸಾಗರಿ', 1954ರಲ್ಲಿ 'ಬೇಡರ ಕಣ್ಣಪ್ಪ'. ಎರಡನ್ನೂ ನಿರ್ದೇಶಿಸಿದವರು ಎಚ್.ಎಲ್.ಎನ್. ಸಿಂಹ. ಗುಬ್ಬಿ ಕಂಪನಿಯ ಮುತ್ತುರಾಜ ಅನ್ನೋ ಯುವಕ ಎರಡನೆಯ ಚಿತ್ರದಲ್ಲಿ ರಾಜ್‌ಕುಮಾರ್ ಆದ. ನರಸಿಂಹರಾಜು ಅವರಿಗೂ ಹೆಸರು ತಂದ ಚಿತ್ರ ಅದು. ಇವತ್ತು ಅದನ್ನು 'ರಾಜ್‌ಕುಮಾರ್ ಮೊದಲ ಚಿತ್ರ' ಅಂತ ಕರೀತೀವಿ. ಆದರೆ ಆ ಸೆಟ್ಟಿನಲ್ಲಿ ಸಿನಿಮಾ ಕ್ಯಾಮೆರಾ ಮುಂದೆ ಹೆಚ್ಚು ಪಳಗಿದವರು ನಾಯಕ ಅಲ್ಲ, ನಾಯಕಿ. ಆಗಲೇ ಹನ್ನೊಂದು ವರ್ಷದ ಅನುಭವ ಇತ್ತು.

ಇಲ್ಲಿ ನಮ್ಮೂರಿನ ಮಾತು ಸ್ವಲ್ಪ ಹೇಳ್ತೀನಿ. ಬೇಡ ನಾಯಕರು ಆಳಿದ ಸುರಪುರ ಸಂಸ್ಥಾನದ ನೆಲ ನಮ್ಮದು. ಬೇಡರ ಕಣ್ಣಪ್ಪ ಯಾರು ಅಂತ ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಟೆಗಾರ. ಆದರೆ ಆ ಚಿತ್ರ ಬಂದಾಗ ರಂಗಂಪೇಟೆ ಮೈಸೂರು ರಾಜ್ಯದಲ್ಲಿ ಇರಲಿಲ್ಲ, ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರವರೆಗೆ ಹಾಗೇ ಇತ್ತು. ಭಟ್ಕಳದ ಹುಡುಗಿ ಬೊಂಬಾಯಿ ರಾಜ್ಯದವಳು, ರಾಜ್‌ಕುಮಾರ್ ಗಾಜನೂರಿನ ನಂಟಿನವರು, ಚಿತ್ರ ತಯಾರಾದದ್ದು ಮದರಾಸಿನಲ್ಲಿ. ಕನ್ನಡ ಮಾತಾಡೋರು ನಕ್ಷೆಯಲ್ಲಿ ಒಂದಾಗೋದಕ್ಕೆ ಎರಡು ವರ್ಷ ಮೊದಲೇ ಒಂದು ಪರದೆಯ ಮೇಲೆ ಒಂದಾಗಿದ್ದರು. ಇತಿಹಾಸದ ಪಾಠದಲ್ಲಿ ಏಕೀಕರಣ ಅಂದ್ರೆ ಸಮಿತಿ, ವರದಿ, ಹೋರಾಟ. ಈ ಪರದೆಯೂ ಅದರಲ್ಲಿ ಒಂದು ಸಣ್ಣ ಭಾಗ ಅಂತ ನನಗನ್ನಿಸ್ತದೆ.

ದುಡ್ಡು ಹಾಕಿದ ಹೆಣ್ಣುಮಗಳು

ಅವರು ಬರೀ ನಟಿಯಾಗಿ ಉಳಿಯಲಿಲ್ಲ, ನಿರ್ಮಾಪಕಿಯೂ ಆದರು. 1957ರ 'ರಾಯರ ಸೊಸೆ' ಅವರೇ ನಿರ್ಮಿಸಿ ನಟಿಸಿದ ಚಿತ್ರ. ರಾಜ್‌ಕುಮಾರ್, ಮೈನಾವತಿ ಇಬ್ಬರೂ ಅದರಲ್ಲಿದ್ದರು. ಕನ್ನಡ ಚಿತ್ರಕ್ಕೆ ಹಾಕಿದ ದುಡ್ಡು ವಾಪಸ್ ಬರ್ತದೋ ಇಲ್ಲವೋ ಅಂತ ಗಂಡಸರೇ ಹಿಂದೆಮುಂದೆ ನೋಡ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ತನ್ನ ಗಳಿಕೆಯನ್ನು ಪಣಕ್ಕಿಟ್ಟಳು. ನಮ್ಮ ಚಿತ್ರರಂಗದ ಮಹನೀಯರ ಪಟ್ಟಿ ಓದುವಾಗ ಈ ಮಾತನ್ನು ಎಷ್ಟು ಜನ ಹೇಳ್ತಾರೆ, ನೀವೇ ಗಮನಿಸಿ.

1959ರಲ್ಲಿ ಹಿಂದಿಗೂ ಹೋದರು. ಜೆಮಿನಿಯ ಎಸ್.ಎಸ್. ವಾಸನ್ ನಿರ್ದೇಶಿಸಿದ 'ಪೈಗಾಮ್'ನಲ್ಲಿ ದಿಲೀಪ್ ಕುಮಾರ್, ವೈಜಯಂತಿಮಾಲಾ ಇದ್ದರು. ಅದರಲ್ಲಿ ರಾಜ್ ಕುಮಾರ್ ಹೆಂಡತಿಯ ಪಾತ್ರ ಇವರದು. ಇವರು ಹಿಂದಿಯ ರಾಜ್ ಕುಮಾರ್, ನಮ್ಮವರಲ್ಲ, ಗೊಂದಲ ಬೇಡ.

ಅವ್ವ ಆದದ್ದು ಯಾವಾಗ?

1960ರ ದಶಕದಲ್ಲಿ ಚಕ್ರ ತಿರುಗಿತು. 1967ರಲ್ಲಿ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ'. ತ್ರಿವೇಣಿಯವರ ಕಾದಂಬರಿ. ನಾಯಕಿ ಕಲ್ಪನಾ, ಆಕೆಯ ತಾಯಿ ಪಂಢರಿಬಾಯಿ. ಒಬ್ಬಳೇ ಮಗಳು ಅನ್ನೋ ಕಾರಣಕ್ಕೆ ಮದುವೆಗೆ ಒಪ್ಪಿದ ಹುಡುಗ, ತಡವಾಗಿ ಆ ತಾಯಿಗೆ ಗಂಡು ಮಗು ಹುಟ್ಟಿದ ಮೇಲೆ ಬದಲಾಗ್ತಾನೆ. ಇಡೀ ಕಥೆ ತಿರುಗೋದು ಆ ತಾಯಿಯ ಬಸಿರಿನ ಮೇಲೆ. ಪಾತ್ರಕ್ಕೆ ತೂಕ ಇತ್ತು ಅನ್ನೋದಕ್ಕೆ ಈ ಉದಾಹರಣೆ.

ಆದರೆ 1968ರ ತಮಿಳು ಚಿತ್ರ 'ಕುಡಿಯಿರುಂದ ಕೋಯಿಲ್' ನೋಡ್ರಿ. ಎಂ.ಜಿ.ಆರ್. ನಾಯಕ, ಅವರ ತಾಯಿ ಪಂಢರಿಬಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ, ಅಂದ್ರೆ ಆಗ ಅವರಿಗೆ 51. ತಾಯಿ ಮಗನಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವಳು!

1969ರ 'ದೈವ ಮಗನ್' ಇನ್ನೂ ಮಜಾ ಅದ. ಶಿವಾಜಿ ಗಣೇಶನ್‌ಗೆ ಮೂರು ಪಾತ್ರ, ಒಬ್ಬ ಅಪ್ಪ, ಇಬ್ಬರು ಮಕ್ಕಳು. ಪಂಢರಿಬಾಯಿ ಅಪ್ಪ ಶಿವಾಜಿಗೆ ಹೆಂಡತಿ, ಇಬ್ಬರು ಮಗ ಶಿವಾಜಿಗೆ ತಾಯಿ. ಆಸ್ಕರ್‌ಗೆ ಭಾರತದ ಪರವಾಗಿ ಹೋದ ಮೊದಲ ತಮಿಳು ಚಿತ್ರ ಇದು. 1973ರ 'ಗೌರವಂ'ನಲ್ಲೂ ಹಾಗೆ: ಶಿವಾಜಿ ವಯಸ್ಸಾದ ಬ್ಯಾರಿಸ್ಟರ್ ಆದಾಗ ಇವರು ಹೆಂಡತಿ. ಸೂತ್ರ ಏನು ಗೊತ್ತಾಯ್ತಲ್ಲ? ನಾಯಕ ಮುದುಕನ ವೇಷ ಹಾಕಿದಾಗ ಮಾತ್ರ ಅವನ ಓರಗೆಯ ನಟಿ ಅವನಿಗೆ ಜೋಡಿ. ವೇಷ ಕಳಚಿದ ಕೂಡಲೇ ಆಕೆ ತಾಯಿ.

ಒಮ್ಮೆ ಟಿವಿಯಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ನಮ್ಮ ಮನೆಯ ಹಿರಿಯರೊಬ್ಬರು ಕೇಳಿದ್ದರು: "ಅಲ್ಲಪ್ಪ, ಆಕಿ ರಾಜ್‌ಕುಮಾರನ ಅವ್ವ ಅಲ್ಲೇನು? ಹೆಂಡ್ತಿ ಹ್ಯಾಂಗಾದ್ಲು?" ಪ್ರೇಕ್ಷಕರ ನೆನಪನ್ನೂ ಸಿನಿಮಾ ಹೆಂಗ ತಿದ್ದಿಬಿಡ್ತದೆ ನೋಡ್ರಿ.

ಪ್ಯಾರಿಸ್ಸಿನ ಇನ್ನೊಬ್ಬ ಅಮ್ಮ

ಇದು ನಮ್ಮಲ್ಲಷ್ಟೇನಾ? ಫ್ರಾನ್ಸಿನಲ್ಲಿ ದಾನಿಯೆಲ್ ದಾರಿಯೂ ಅಂತ ಒಬ್ಬ ನಟಿ ಇದ್ದರು. ಹುಟ್ಟಿದ್ದು 1917ರಲ್ಲಿ, ನಮ್ಮ ಎಂ.ಜಿ.ಆರ್. ಹುಟ್ಟಿದ ವರ್ಷವೇ. 1931ರಲ್ಲಿ, 14ನೇ ವಯಸ್ಸಿಗೆ ಮೊದಲ ಚಿತ್ರ. 2007ರಲ್ಲಿ 'ಪರ್ಸೆಪೊಲಿಸ್' ಅನ್ನೋ ಅನಿಮೇಷನ್ ಚಿತ್ರದಲ್ಲಿ ಅಜ್ಜಿಯ ಪಾತ್ರಕ್ಕೆ ಧ್ವನಿ ಕೊಟ್ಟಾಗ 90. ತೀರಿಕೊಂಡದ್ದು 2017ರಲ್ಲಿ, ನೂರು ತುಂಬಿದ ಮೇಲೆ.

ಅವರೂ ತಾಯಿ ಪಾತ್ರ ಮಾಡಿದರು. 1967ರ ಒಂದು ಸಂಗೀತ ಚಿತ್ರ, ರೋಶ್‌ಫೋರ್ ಊರಿನ ಇಬ್ಬರು ಹುಡುಗಿಯರ ಕಥೆ. ಕ್ಯಾಥರೀನ್ ದನೋವ್ ಮತ್ತು ಆಕೆಯ ಅಕ್ಕನಿಗೆ ದಾರಿಯೂ ತಾಯಿ. ಆದರೆ ಆ ತಾಯಿ ಊರ ಚೌಕದಲ್ಲಿ ಹೋಟೆಲ್ ನಡೆಸ್ತಾಳೆ, ಆಕೆಗೊಂದು ಹಳೆಯ ಪ್ರೀತಿ ಇದೆ, ಕಥೆ ಮುಗಿಯೋದರೊಳಗೆ ಆ ಪ್ರೀತಿ ಮತ್ತೆ ಸಿಗ್ತದೆ. ಹಾಡನ್ನೂ ಸ್ವಂತ ಧ್ವನಿಯಲ್ಲೇ ಹಾಡಿದರು. ಆಗ ಅವರಿಗೆ 50. ಮರುವರ್ಷ ನಮ್ಮಲ್ಲಿ 51ರ ಎಂ.ಜಿ.ಆರ್. ಕುಣೀತಿದ್ದರೆ, ಸುಮಾರು 40ರ ಪಂಢರಿಬಾಯಿ ತಾಯಿಯಾಗಿ ಕಣ್ಣೀರು ಹಾಕ್ತಿದ್ದರು. ಅಲ್ಲೂ ನಟಿಯರಿಗೆ ಎಲ್ಲ ಸುಖ ಇತ್ತು ಅಂತಲ್ಲ. ಆದರೆ ತಾಯಿ ಪಾತ್ರ ಅಂದ ಮೇಲೆ ಆಕೆಗೆ ಸ್ವಂತದ್ದೊಂದು ಆಸೆ ಇರಬಾರದು ಅನ್ನೋ ನಿಯಮ ಅಲ್ಲಿರಲಿಲ್ಲ.

ಸೋಲೋ, ಗೆಲುವೋ?

ಇನ್ನೊಂದು ಮಗ್ಗುಲೂ ಅದ. ಅವರ ಜೊತೆ ಬಂದ ಎಷ್ಟೋ ನಾಯಕಿಯರು ಹತ್ತು ವರ್ಷಕ್ಕೆ ಮರೆಯಾದರು. ಪಂಢರಿಬಾಯಿ ಐದು ದಶಕ ಕೆಲಸ ಮಾಡಿದರು. ನಾಯಕಿಯ ಹಾಗೆ ಒಂದೇ ಚಿತ್ರಕ್ಕೆ ತಿಂಗಳುಗಟ್ಟಲೆ ಕಟ್ಟುಬೀಳಬೇಕಿಲ್ಲ, ಭಾಷೆ ಬಂದರೆ ಹಲವು ಚಿತ್ರ ಒಟ್ಟಿಗೆ ಮಾಡಬಹುದು. 'ಅನುರಾಗ ಅರಳಿತು' 1992ರಲ್ಲಿ ತಮಿಳಿನಲ್ಲಿ 'ಮನ್ನನ್' ಆದಾಗ ನಾಯಕ ಬದಲಾದ, ನಾಯಕಿ ಬದಲಾದಳು, ತಾಯಿ ಬದಲಾಗಲಿಲ್ಲ. ರಜನಿಕಾಂತ್‌ಗೂ ಅವರೇ ಅವ್ವ. ಇಳಯರಾಜ ಸಂಗೀತದಲ್ಲಿ ಯೇಸುದಾಸ್ ಹಾಡಿದ ಆ ತಾಯಿಯ ಹಾಡು ಇವತ್ತಿಗೂ ಅಮ್ಮಂದಿರ ದಿನ ಸ್ಟೇಟಸ್‌ಗಳಲ್ಲಿ ಓಡಾಡ್ತದೆ. ಅದರಲ್ಲಿರೋ ಮುಖ ಭಟ್ಕಳದ ಗೀತಾಳದ್ದು. ಹಾಕಿಕೊಂಡವರಲ್ಲಿ ಎಷ್ಟು ಮಂದಿಗೆ ಹೆಸರು ಗೊತ್ತು?

2003ರ ಜನವರಿ 29ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು.

ತಾಯಿ ಪಾತ್ರವನ್ನು ಅವರು ಸಣ್ಣದು ಅಂದುಕೊಂಡು ಮಾಡಲಿಲ್ಲ, ಅದಕ್ಕೇ ನಾವು ನಂಬಿದೆವು. ನನ್ನ ತಕರಾರು ಅವರ ಮೇಲಲ್ಲ, ನಮ್ಮ ನೆನಪಿನ ಮೇಲೆ. ಶಿವಾಜಿಗೂ ರಾಜ್‌ಕುಮಾರ್‌ಗೂ ಮೊದಲ ನಾಯಕಿ, ನಾಲ್ಕು ಭಾಷೆ ದುಡಿದ ಕಲಾವಿದೆ, ಸ್ವಂತ ದುಡ್ಡಲ್ಲಿ ಚಿತ್ರ ತೆಗೆದ ನಿರ್ಮಾಪಕಿ: ಇಷ್ಟನ್ನೂ 'ಅವ್ವನ ಪಾತ್ರದಾಕಿ' ಅನ್ನೋ ಒಂದು ಮಾತಿನಲ್ಲಿ ಮುಚ್ಚಿಟ್ಟಿದ್ದೇವೆ.

ನೀವು ಮಾಡಬೇಕಾದ್ದು ಇಷ್ಟೇ. 'ಬೇಡರ ಕಣ್ಣಪ್ಪ' ಹುಡುಕಿ ನೋಡ್ರಿ, ಈ ಸಲ ಕಣ್ಣು ನೀಲಾ ಪಾತ್ರದ ಮೇಲಿರಲಿ. ಆಮೇಲೆ 'ಅನುರಾಗ ಅರಳಿತು' ನೋಡ್ರಿ. ನಿಮ್ಮ ಮನೆಯ ಅಜ್ಜಿ, ದೊಡ್ಡವ್ವ ಯಾರನ್ನಾದರೂ ಜೊತೆಗೆ ಕೂರಿಸಿಕೊಳ್ರಿ. ಅವರು ಏನಂದರು ಅನ್ನೋದನ್ನು ಒಂದು ವಾಯ್ಸ್ ಮೆಸೇಜ್‌ನಲ್ಲಿ ನಮಗೆ ಕಳಿಸ್ರಿ. ಬರ್ತೀನ್ರಿ, ಮುಂದಿನ ವಾರ ಸಿಗೋಣ.