ಎಲೆಕ್ಟ್ರಿಕ್ ಗಿಟಾರ್ ಸೌಂಡ್ ಸರಿ ಬರ್ತಿಲ್ವಾ? ಹೊಸ ಪಿಕಪ್‌ಗೆ ದುಡ್ಡು ಹಾಕೋ ಮುಂಚೆ ಈ ಸ್ಕ್ರೂ ತಿರುಗಿಸಿ ನೋಡಿ

ಗಣೇಶನ ಹಬ್ಬದ ಆರ್ಕೆಸ್ಟ್ರಾ, ಜಾತ್ರೆಯ ರಸಮಂಜರಿ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಡಿಸೆಂಬರ್‌ನಲ್ಲಿ ಚರ್ಚ್ ಕ್ವಯರ್. ತಾಲೂಕು ಮಟ್ಟದ ಸ್ಟೇಜ್‌ನಲ್ಲೂ ಈಗ ಎಲೆಕ್ಟ್ರಿಕ್ ಗಿಟಾರ್ ಕಾಣೋದು ಅಪರೂಪ ಅಲ್ಲ. ಅದರ ಜೊತೆಗೇ ಬರೋ ದೂರುಗಳೂ ಹೊಸತಲ್ಲ. ದಪ್ಪ ತಂತಿ ಗುಂಯ್ ಅನ್ನುತ್ತೆ, ಸಣ್ಣ ತಂತಿ ಕೇಳಿಸೋದೇ ಇಲ್ಲ. ಎಷ್ಟು ಟ್ಯೂನ್ ಮಾಡಿದ್ರೂ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಸೇರಲ್ಲ. ಸ್ವಿಚ್ ಬದಲಾಯಿಸಿದ ಕೂಡಲೇ ಸೌಂಡ್ ಇಳಿದು ಹೋಗುತ್ತೆ.

ಇಂಥ ಹೊತ್ತಲ್ಲಿ ಯಾರಾದ್ರೂ ಒಬ್ಬರು "ಪಿಕಪ್ ಹೋಗಿದೆ, ಚೇಂಜ್ ಮಾಡಿಸಿ" ಅಂತಾರೆ. ಹೊಸ ಪಿಕಪ್ ಅಂದ್ರೆ ಸಾವಿರಾರು ರೂಪಾಯಿ ಮಾತು. ಕೆಲವರು ಬೇಸತ್ತು ಗಿಟಾರನ್ನೇ ಸಿಕ್ಕ ರೇಟಿಗೆ ಕೊಟ್ಟುಬಿಡ್ತಾರೆ. ಆದ್ರೆ ಎಷ್ಟೋ ಸಲ ಪಿಕಪ್ ಚೆನ್ನಾಗೇ ಇರುತ್ತೆ. ಅದು ತಂತಿಗೆ ತೀರಾ ಹತ್ತಿರ ಅಥವಾ ತೀರಾ ದೂರ ಕೂತಿರುತ್ತೆ, ಅಷ್ಟೇ. ಇದನ್ನು ಸರಿ ಮಾಡೋಕೆ ಬೇಕಾಗಿರೋದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಅರ್ಧ ಗಂಟೆ ಸಮಯ ಮತ್ತು ಸ್ವಲ್ಪ ತಾಳ್ಮೆ.

ಪಿಕಪ್ ಹೇಗೆ ಕೆಲಸ ಮಾಡುತ್ತೆ?

ತಂತಿಗಳ ಕೆಳಗೆ, ಗಿಟಾರ್ ಬಾಡಿ ಮೇಲೆ ಕಾಣೋ ಉದ್ದನೆಯ ಪಟ್ಟಿಯೇ ಪಿಕಪ್. ಅದರೊಳಗೆ ಇರೋದು ಆಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸುತ್ತೋ ಎನಾಮಲ್ ತಂತಿಯ ಜಾತಿಯದ್ದೇ, ಆದರೆ ಇದು ತಲೆಗೂದಲಷ್ಟು ಸಣ್ಣ.

ಸೈಕಲ್ ಡೈನಮೋ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಡೈನಮೋದಲ್ಲಿ ಆಯಸ್ಕಾಂತ ತಿರುಗಿದಾಗ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತೆ. ಗಿಟಾರ್‌ನಲ್ಲಿ ಆಯಸ್ಕಾಂತ ಸುಮ್ಮನೆ ಕೂತಿರುತ್ತೆ, ಮೇಲಿನ ಸ್ಟೀಲ್ ತಂತಿ ಅಲುಗಾಡುತ್ತೆ. ಆ ಅಲುಗಾಟಕ್ಕೆ ಆಯಸ್ಕಾಂತದ ಕ್ಷೇತ್ರ ಬದಲಾಗಿ ಕಾಯಿಲ್‌ನಲ್ಲಿ ಸಣ್ಣ ಸಿಗ್ನಲ್ ಹುಟ್ಟುತ್ತೆ. ಅದನ್ನೇ ಆಂಪ್ ದೊಡ್ಡದು ಮಾಡಿ ಸ್ಪೀಕರ್‌ಗೆ ಕೊಡುತ್ತೆ. ನೈಲಾನ್ ತಂತಿ ಹಾಕಿದ್ರೆ ಈ ಪಿಕಪ್ ಕೆಲಸ ಮಾಡದೇ ಇರೋದಕ್ಕೂ ಇದೇ ಕಾರಣ.

ಪಿಕಪ್‌ಗಳಲ್ಲಿ ಮುಖ್ಯವಾಗಿ ಎರಡು ಥರ. ಕಿರಿದಾಗಿ, ಆರು ದುಂಡು ಚುಕ್ಕೆ ಇರೋದು ಸಾಮಾನ್ಯವಾಗಿ ಸಿಂಗಲ್ ಕಾಯಿಲ್. 1954ರಲ್ಲಿ ಅಮೆರಿಕದ ಫೆಂಡರ್ ಕಂಪನಿ ತಂದ ಸ್ಟ್ರಾಟೋಕಾಸ್ಟರ್‌ನಲ್ಲಿ ಇಂಥವು ಮೂರು ಇದ್ದವು. ಇವತ್ತು ಅಂಗಡಿಯಲ್ಲಿ "ಸ್ಟ್ರಾಟ್ ಶೇಪ್" ಅಂತ ಕೊಡೋ ಗಿಟಾರ್‌ಗಳು ಅದೇ ಮಾದರಿಯವು. ಅದರ ಎರಡರಷ್ಟು ಅಗಲ ಇರೋದು ಹಂಬಕರ್. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ರು. ಎರಡು ಕಾಯಿಲ್ ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡಿ ಕರೆಂಟ್ ಲೈನ್‌ನಿಂದ ಬರೋ ಗುಂಯ್ ಸದ್ದನ್ನು ಹೊಡೆದುಹಾಕುತ್ತೆ.

ಹತ್ತಿರ ಇದ್ದಷ್ಟೂ ಒಳ್ಳೇದಾ?

ಹೆಚ್ಚಿನವರು ತಪ್ಪೋದು ಇಲ್ಲೇ. ಪಿಕಪ್ ಮೇಲೆ ಎತ್ತಿದಷ್ಟೂ ಸೌಂಡ್ ಜಾಸ್ತಿ ಆಗೋದು ನಿಜ. ಆದರೆ ಆಯಸ್ಕಾಂತ ತಂತಿಯ ಅಲುಗಾಟ ಕೇಳೋದಷ್ಟೇ ಅಲ್ಲ, ತಂತಿಯನ್ನು ತನ್ನ ಕಡೆ ಎಳೆಯುತ್ತೆ ಕೂಡ.

ತೀರಾ ಹತ್ತಿರ ಇದ್ದಾಗ ಆ ಎಳೆತಕ್ಕೆ ತಂತಿ ಸಲೀಸಾಗಿ ಆಡಲ್ಲ. ಸ್ವರ ಬೇಗ ಸತ್ತು ಹೋಗುತ್ತೆ. ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಒಂದೇ ಸ್ವರ ನುಡಿಸಿದ್ರೂ ಎರಡು ಸ್ವರ ಜಗಳ ಆಡಿದ ಹಾಗೆ ವೌ-ವೌ ಅಂತ ಕೇಳುತ್ತೆ. ಗಿಟಾರ್ ಹಳೇದಾಯ್ತು, ನೆಕ್ ಬೆಂಡ್ ಆಗಿದೆ ಅಂತ ಜನ ಅಂದುಕೊಳ್ಳೋದು ಈ ಸದ್ದು ಕೇಳಿಯೇ. ಆಯಸ್ಕಾಂತದ ಕಡ್ಡಿಗಳೇ ತಂತಿಯ ಕೆಳಗೆ ನೇರವಾಗಿ ನಿಂತಿರೋ ಸಿಂಗಲ್ ಕಾಯಿಲ್‌ಗಳಲ್ಲಿ ಈ ತೊಂದರೆ ಜಾಸ್ತಿ. ಹಂಬಕರ್‌ನಲ್ಲಿ ಆಯಸ್ಕಾಂತ ಅಡಿಯಲ್ಲಿ ಅಡ್ಡ ಮಲಗಿರೋದರಿಂದ ಎಳೆತ ಕಡಿಮೆ.

ಹಾಗಂತ ತೀರಾ ಕೆಳಗೆ ಇಳಿಸಿದ್ರೂ ಕಷ್ಟ. ಸಿಗ್ನಲ್ ಸಣ್ಣದಾಗುತ್ತೆ, ಸೌಂಡ್ ಸಪ್ಪೆ ಆಗುತ್ತೆ. ಕರೆಂಟ್ ಲೈನಿನ 50 ಹರ್ಟ್ಸ್ ಗುಂಯ್ ಸದ್ದು ಮಾತ್ರ ಇದ್ದಷ್ಟೇ ಇರುತ್ತೆ, ಪಿಕಪ್ ಇಳಿಸಿದ್ರೆ ಅದು ಕಡಿಮೆ ಆಗಲ್ಲ. ಸೌಂಡ್ ಸಾಲದು ಅಂತ ಆಂಪ್ ವಾಲ್ಯೂಮ್ ಏರಿಸಿದ್ರೆ ಗಿಟಾರ್ ಜೊತೆ ಗುಂಯ್ ಕೂಡ ಏರುತ್ತೆ. ಸುತ್ತ ಸೀರಿಯಲ್ ಸೆಟ್ ಲೈಟು, ಡಿಮ್ಮರ್ ಇರೋ ಶಾಮಿಯಾನದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಹಾಗಾಗಿ ಹುಡುಕಬೇಕಾಗಿರೋದು ಎರಡರ ನಡುವಿನ ಜಾಗ.

ನೆಕ್ ಪಿಕಪ್ ಬೇರೆ, ಬ್ರಿಡ್ಜ್ ಪಿಕಪ್ ಬೇರೆ

ಒಂದೇ ಗಿಟಾರ್‌ನ ಎರಡು ಪಿಕಪ್‌ಗೆ ಒಂದೇ ಎತ್ತರ ಇಡೋದು ಸಾಮಾನ್ಯವಾಗಿ ಸರಿ ಬರಲ್ಲ. ಬ್ರಿಡ್ಜ್ ಹತ್ತಿರ ತಂತಿ ಬಿಗಿಯಾಗಿ ಕಟ್ಟಿರೋ ಜಾಗ, ಅಲ್ಲಿ ಅದು ಸ್ವಲ್ಪವೇ ಅಲುಗುತ್ತೆ. ನೆಕ್ ಕಡೆ ಹೋದಂತೆ ಅಲುಗಾಟ ದೊಡ್ಡದಾಗುತ್ತೆ. ಬಟ್ಟೆ ಒಣಗಿಸೋ ಹಗ್ಗ ಕಂಬದ ಹತ್ತಿರ ಕಡಿಮೆ ಆಡಿ, ಮಧ್ಯದಲ್ಲಿ ಜಾಸ್ತಿ ಆಡಲ್ವಾ, ಹಾಗೆ. ಅದಕ್ಕೇ ಬ್ರಿಡ್ಜ್ ಪಿಕಪ್ ತಂತಿಗೆ ಹತ್ತಿರ, ನೆಕ್ ಪಿಕಪ್ ಸ್ವಲ್ಪ ದೂರ ಇಟ್ರೆ ಸ್ವಿಚ್ ಬದಲಾಯಿಸಿದಾಗ ಎರಡೂ ಸಮ ಕೇಳುತ್ತೆ.

ಶುರು ಮಾಡೋಕೆ ಅಳತೆ

ಅಳೆಯೋ ಕ್ರಮ ಹೀಗೆ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಬೇಕು. ತಂತಿಯ ಕೆಳಭಾಗಕ್ಕೂ ಪಿಕಪ್‌ನ ಚುಕ್ಕೆಯ ಮೇಲ್ಭಾಗಕ್ಕೂ ಇರೋ ಸಂದು ಅಳೆಯಬೇಕು. 6ನೇ ತಂತಿ (ಎಲ್ಲಕ್ಕಿಂತ ದಪ್ಪ) ಒಂದು ಸಲ, 1ನೇ ತಂತಿ (ಎಲ್ಲಕ್ಕಿಂತ ಸಣ್ಣ) ಒಂದು ಸಲ.

- ಸಾಮಾನ್ಯ ಸಿಂಗಲ್ ಕಾಯಿಲ್: 6ನೇ ತಂತಿಗೆ 2.0 ಮಿ.ಮೀ., 1ನೇ ತಂತಿಗೆ 1.6 ಮಿ.ಮೀ.
- ಹಳೇ ಮಾದರಿಯ ಸಿಂಗಲ್ ಕಾಯಿಲ್: 6ನೇ ತಂತಿಗೆ 2.4 ಮಿ.ಮೀ., 1ನೇ ತಂತಿಗೆ 2.0 ಮಿ.ಮೀ.
- ಹಂಬಕರ್, ನೆಕ್ ಕಡೆ: 2.4 ಮಿ.ಮೀ.
- ಹಂಬಕರ್, ಬ್ರಿಡ್ಜ್ ಕಡೆ: 1.6 ಮಿ.ಮೀ.

ಮೊದಲಿನ ಎರಡು ಫೆಂಡರ್ ಹೇಳೋ ಅಳತೆ, ಕೊನೆಯ ಎರಡು ಗಿಬ್ಸನ್ ಮಾದರಿಯ ಗಿಟಾರ್‌ಗಳಿಗೆ ಬಳಕೆಯಲ್ಲಿರೋ ಅಳತೆ. ಇವು ಶುರು ಮಾಡೋ ಜಾಗ ಮಾತ್ರ. ಕೊನೇ ತೀರ್ಪು ಕಿವಿಯದ್ದೇ.

ಅಳತೆಗೆ ಪ್ಲಾಸ್ಟಿಕ್ ಸ್ಕೇಲ್ ಬಳಸಿ. ಸ್ಟೀಲ್ ಸ್ಕೇಲನ್ನು ಆಯಸ್ಕಾಂತ ಎಳೆದು ಪಿಕಪ್‌ಗೆ ಅಂಟಿಸಿಕೊಳ್ಳುತ್ತೆ. ಇನ್ನೊಂದು ಸುಲಭ ದಾರಿ ಇದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಎರಡು ಕಾರ್ಡ್ ಜೋಡಿಸಿದ್ರೆ ಸುಮಾರು 1.5 ಮಿ.ಮೀ., ಮೂರು ಜೋಡಿಸಿದ್ರೆ ಸುಮಾರು 2.3 ಮಿ.ಮೀ. ಉಬ್ಬಿದ ಅಕ್ಷರ ಇಲ್ಲದ ಕಾರ್ಡ್ ಆಗಬೇಕು. ಅವಧಿ ಮುಗಿದ ಹಳೇ ಕಾರ್ಡನ್ನೇ ಬಳಸಿ. ಈಗ ದುಡ್ಡು ತೆಗೆಯೋ ಕಾರ್ಡನ್ನು ಆಯಸ್ಕಾಂತದ ಹತ್ತಿರ ಹಿಡಿದ್ರೆ ಹಿಂದಿನ ಕಪ್ಪು ಪಟ್ಟಿ ಕೆಡಬಹುದು.

ಹಂತ ಹಂತವಾಗಿ

1. ತಂತಿ ತುಕ್ಕು ಹಿಡಿದಿದ್ರೆ ಮೊದಲು ಬದಲಾಯಿಸಿ. ಸತ್ತ ತಂತಿಗೆ ಯಾವ ಅಳತೆಯೂ ಕೂರಲ್ಲ.

2. ತಂತಿ ಎತ್ತರ, ಅಂದ್ರೆ ಆಕ್ಷನ್, ಸರಿ ಮಾಡೋದಿದ್ರೆ ಅದೂ ಮೊದಲೇ ಆಗಲಿ. ಆಮೇಲೆ ಮಾಡಿದ್ರೆ ಪಿಕಪ್ ಅಳತೆ ಮತ್ತೆ ತಪ್ಪುತ್ತೆ. ನಂತರ ಟ್ಯೂನ್ ಮಾಡಿ.

3. ಈಗ ಇರೋ ಅಳತೆ ಬರೆದಿಟ್ಟುಕೊಳ್ಳಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಇಷ್ಟ ಆಗದಿದ್ರೆ ವಾಪಸ್ ಬರಬಹುದು.

4. ಪಿಕಪ್‌ನ ಎರಡು ತುದಿಯಲ್ಲಿ ಒಂದೊಂದು ಸ್ಕ್ರೂ ಇರುತ್ತೆ. ಪ್ಲಾಸ್ಟಿಕ್ ಪ್ಲೇಟ್ ಅಥವಾ ಫ್ರೇಮ್‌ಗೆ ನೇತು ಹಾಕಿರೋ ಪಿಕಪ್ ಆದ್ರೆ ಬಲಕ್ಕೆ ತಿರುಗಿಸಿದಾಗ ಮೇಲೆ ಬರುತ್ತೆ, ಎಡಕ್ಕೆ ತಿರುಗಿಸಿದಾಗ ಇಳಿಯುತ್ತೆ. ನೇರ ಮರಕ್ಕೇ ಸ್ಕ್ರೂ ಹೊಡೆದಿದ್ರೆ ಇದು ಉಲ್ಟಾ. ಒಂದು ಪೂರ್ತಿ ಸುತ್ತಿಗೆ ಅರ್ಧದಿಂದ ಮುಕ್ಕಾಲು ಮಿ.ಮೀ.ಯಷ್ಟು ಬದಲಾಗುತ್ತೆ. ಹಾಗಾಗಿ ಒಂದು ಸಲಕ್ಕೆ ಅರ್ಧ ಸುತ್ತು ಸಾಕು.

5. ಮೇಲಿನ ಅಳತೆಗೆ ತಂದು ಆಂಪ್‌ಗೆ ಹಾಕಿ. ಪೆಡಲ್, ಡಿಸ್ಟಾರ್ಷನ್ ಬೇಡ. ಗಿಟಾರ್‌ನ ವಾಲ್ಯೂಮ್, ಟೋನ್ ಎರಡೂ ಫುಲ್ ಇರಲಿ. ಆಂಪ್ ವಾಲ್ಯೂಮ್ ಮಧ್ಯದಲ್ಲಿ ಮುಟ್ಟಬೇಡಿ.

6. ಆರೂ ತಂತಿಯನ್ನು ಒಂದೇ ಜೋರಿನಲ್ಲಿ ಒಂದೊಂದಾಗಿ ಮೀಟಿ. ದಪ್ಪ ತಂತಿ ಮುಂದೆ ಬರ್ತಿದ್ರೆ ಆ ಕಡೆಯ ಸ್ಕ್ರೂ ಸ್ವಲ್ಪ ಇಳಿಸಿ. ಸಣ್ಣ ತಂತಿ ಚುಚ್ಚಿದ ಹಾಗೆ ಕೇಳಿದ್ರೆ ಈ ಕಡೆ ಇಳಿಸಿ.

7. ಸ್ವಿಚ್ ಹಾಕಿ ಪಿಕಪ್‌ಗಳನ್ನು ಹೋಲಿಸಿ. ಜೋರಾಗಿ ಕೇಳೋದನ್ನು ಇಳಿಸೋದು ಮೊದಲ ಆಯ್ಕೆ. ಸಣ್ಣ ಇರೋದನ್ನೇ ಎತ್ತುತ್ತಾ ಹೋದ್ರೆ ಕೊನೆಗೆ ಎಲ್ಲವೂ ತಂತಿಗೆ ತಾಗೋ ಹಂತಕ್ಕೆ ಬರುತ್ತೆ.

ಶ್ರುತಿ ಟೆಸ್ಟ್

6ನೇ ತಂತಿಯನ್ನು 12ನೇ ಫ್ರೆಟ್ ಮತ್ತು ಅದಕ್ಕಿಂತ ಮೇಲೆ ಒತ್ತಿ ನುಡಿಸಿ. ವೌ-ವೌ ಸದ್ದು ಬಂದ್ರೆ, ಅಥವಾ ಟ್ಯೂನರ್ ಆ್ಯಪ್‌ನ ಮುಳ್ಳು ಒಂದು ಕಡೆ ನಿಲ್ಲದಿದ್ರೆ, ನೆಕ್ ಪಿಕಪ್‌ನ ದಪ್ಪ ತಂತಿ ಕಡೆಯ ಸ್ಕ್ರೂ ಎರಡು ಸುತ್ತು ಇಳಿಸಿ ಮತ್ತೆ ನುಡಿಸಿ. ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ. ನಿಲ್ಲದಿದ್ರೆ ಉಳಿದ ಪಿಕಪ್‌ಗಳನ್ನೂ ಹೀಗೇ ಇಳಿಸಿ ನೋಡಿ. ಆಗಲೂ ಹಾಗೇ ಇದ್ರೆ ತಪ್ಪು ಬೇರೆ ಕಡೆ ಇದೆ. ಹಳೇ ತಂತಿ, ಬ್ರಿಡ್ಜ್‌ನ ಇಂಟೊನೇಷನ್ ಸೆಟ್ಟಿಂಗ್ ಅಥವಾ ಸವೆದ ಫ್ರೆಟ್ ನೋಡಿಸಬೇಕು.

ಇವು ಮಾಡಬೇಡಿ

- ಸಿಂಗಲ್ ಕಾಯಿಲ್‌ನ ಚುಕ್ಕೆಗಳನ್ನು ಒತ್ತಿ ಕೆಳಗಿಳಿಸೋಕೆ ಹೋಗಬೇಡಿ. ಕೆಲವು ಪಿಕಪ್‌ನಲ್ಲಿ ತಾಮ್ರದ ತಂತಿಯನ್ನು ಆ ಕಡ್ಡಿಗಳ ಮೇಲೇ ನೇರವಾಗಿ ಸುತ್ತಿರುತ್ತಾರೆ. ಕಡ್ಡಿ ಜಾರಿದ್ರೆ ಎಳೆ ತುಂಡಾಗಿ ಪಿಕಪ್ ನಿಜವಾಗಿಯೇ ಸಾಯುತ್ತೆ. ಹಂಬಕರ್‌ನಲ್ಲಿ ಸ್ಕ್ರೂ ತಲೆ ಇರೋ ಸಾಲನ್ನು ಮಾತ್ರ ತಿರುಗಿಸಬಹುದು.
- ಸ್ಕ್ರೂ ಪೂರ್ತಿ ಸಡಿಲ ಮಾಡಬೇಡಿ. ಪಿಕಪ್ ಕಳಚಿ ಒಳಗಿನ ಗುಂಡಿಗೆ ಬೀಳುತ್ತೆ, ಆಮೇಲೆ ಪ್ಲೇಟ್ ಬಿಚ್ಚದೆ ಬೇರೆ ದಾರಿ ಇಲ್ಲ.
- ತಿರುಗದ ಸ್ಕ್ರೂಗೆ ಬಲ ಹಾಕಬೇಡಿ. ತಲೆ ಸವೆದ್ರೆ ಕೆಲಸ ದೊಡ್ಡದಾಗುತ್ತೆ. ಸ್ಕ್ರೂಡ್ರೈವರ್ ತಲೆಗೆ ಸರಿಯಾಗಿ ಕೂರೋ ಸೈಜ್ ಇರಲಿ.
- ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

ಇದರಿಂದ ಸರಿ ಹೋಗದ ತೊಂದರೆಗಳು

ಕೇಬಲ್ ಅಲ್ಲಾಡಿಸಿದಾಗ ಕರ ಕರ ಅಂದ್ರೆ ಜ್ಯಾಕ್ ಅಥವಾ ಕೇಬಲ್ ತೊಂದರೆ. ವಾಲ್ಯೂಮ್ ನಾಬ್ ತಿರುಗಿಸುವಾಗ ಸದ್ದು ಬಂದ್ರೆ ಒಳಗೆ ಧೂಳು. ಒಂದು ಪಿಕಪ್‌ನಿಂದ ಏನೂ ಬರದೇ ಇದ್ರೆ ಬೆಸುಗೆ ಬಿಟ್ಟಿರಬಹುದು, ರೇಡಿಯೋ-ಟಿವಿ ರಿಪೇರಿ ಮಾಡೋರು ಮಲ್ಟಿಮೀಟರ್ ಇಟ್ಟು ಹೇಳ್ತಾರೆ. ತಂತಿ ಮುಟ್ಟಿದಾಗ ಶಾಕ್ ಹೊಡೆದ್ರೆ ಗಿಟಾರ್ ತಕ್ಷಣ ಕೆಳಗಿಡಿ, ಕರೆಂಟ್ ಮತ್ತು ಅರ್ಥಿಂಗ್ ನೋಡಿಸೋ ತನಕ ಮುಟ್ಟಬೇಡಿ.

ಬ್ರಿಡ್ಜ್ ಕೆಳಗೆ ಪೀಜೋ ಪಟ್ಟಿ ಇರೋ ಅಕೌಸ್ಟಿಕ್ ಗಿಟಾರ್‌ಗೆ ಇಲ್ಲಿ ಹೇಳಿದ ಯಾವ ಅಳತೆಯೂ ಅನ್ವಯಿಸಲ್ಲ. ಅದು ಕೆಲಸ ಮಾಡೋದು ಒತ್ತಡದಿಂದ, ಆಯಸ್ಕಾಂತದಿಂದ ಅಲ್ಲ.

ಮಾರೋರಿಗೆ, ಕೊಳ್ಳೋರಿಗೆ

ವಾದ್ಯದ ಅಂಗಡಿಯವರು ಗಿಟಾರ್ ಕೈಗೆ ಕೊಡೋ ಮುಂಚೆ ಹದಿನೈದು ನಿಮಿಷ ಇದಕ್ಕೆ ಕೊಟ್ರೆ "ಸೌಂಡ್ ಸರಿ ಇಲ್ಲ" ಅಂತ ವಾಪಸ್ ಬರೋದು ಕಡಿಮೆ ಆಗುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಸ್ಕ್ರೂಡ್ರೈವರ್ ಜೇಬಲ್ಲಿ ಇಟ್ಟುಕೊಂಡು ಹೋಗಿ. ಮೇಲಿನ ಫ್ರೆಟ್‌ನಲ್ಲಿ ಶ್ರುತಿ ಕೆಟ್ಟ ಗಿಟಾರ್ ಸಿಕ್ಕರೆ, ಮಾಲೀಕರನ್ನು ಕೇಳಿ ಪಿಕಪ್ ಇಳಿಸಿ ನೋಡಿ. ಮಾರೋರೂ ಅಷ್ಟೇ, ಅರ್ಧ ರೇಟಿಗೆ ಕೊಡೋ ಮುಂಚೆ ಒಂದು ಸಲ ಆ ಎರಡು ಸ್ಕ್ರೂ ತಿರುಗಿಸಿ ನೋಡಿ. ಹೊಸ ಪಿಕಪ್ ಬೇಕಾ ಬೇಡವಾ ಅನ್ನೋದನ್ನು ಆಮೇಲೆ ತೀರ್ಮಾನ ಮಾಡಿದ್ರೂ ತಡವಾಗಲ್ಲ.