ಗೋಲಿಬಾರ್ ‘ನಡೆಯಿತು’, ರೈತರು ‘ಸತ್ತರು’

ಪೇಪರಿನ ತಲೆಬರಹಗಳಲ್ಲಿ ಕೆಲವು ಮಾತು ಜೋಡಿಸಿಟ್ಟ ಅಚ್ಚಿನ ಮೊಳೆಯ ಹಾಗೆ ಸದಾ ಸಿದ್ಧ. ‘ಗೋಲಿಬಾರ್: ರೈತರ ಸಾವು’. ‘ಲಘು ಲಾಠಿ ಪ್ರಹಾರ’. ‘ಪರಿಸ್ಥಿತಿ ಉದ್ವಿಗ್ನ, ಆದರೂ ಹತೋಟಿಯಲ್ಲಿ’. (ಏಟು ಲಘುವೋ ಭಾರಿಯೋ ಅಂತ ಬೆನ್ನನ್ನು ಕೇಳಿದವರ್ಯಾರು ಸ್ವಾಮಿ?)

ಶಾಲೆಯಲ್ಲಿ ಕರ್ಮಣಿ ಪ್ರಯೋಗ ಅಂತ ಕಲಿತದ್ದು ನೆನಪಿರಬೇಕು. ‘ಅವನು ಕೊಲ್ಲಲ್ಪಟ್ಟನು’ ಅಂತ ಯಾರ ಮನೆಯಲ್ಲೂ ಮಾತಾಡುವುದಿಲ್ಲ. ಕನ್ನಡಕ್ಕೆ ಅದರ ಅಗತ್ಯವೂ ಇಲ್ಲ. ಕರ್ತೃವನ್ನು ಮಾಯ ಮಾಡಲು ನಮಗೆ ‘ಅಲ್ಪಟ್ಟ’ ಬೇಡ, ಒಂದು ನಾಮಪದ ಸಾಕು. ಗೋಲಿಬಾರ್ ಅಂಥ ಪದ. ಮಳೆ ಬಂದ ಹಾಗೆ, ಜಾತ್ರೆ ನಡೆದ ಹಾಗೆ ಅದು ತಾನೇ ‘ನಡೆಯುತ್ತದೆ’. ‘ಬಲಿ’ ಅಂದುಬಿಟ್ಟರಂತೂ ಯಾವುದೋ ದೇವರ ಕೆಲಸ!

ನಮ್ಮ ಚಿಕ್ಕೋಡಿ ಸೀಮೆಯವರಿಗೆ ಈ ಪದ ಎರಡು ಭಾಷೆಯಲ್ಲಿ ಗೊತ್ತು. ಮರಾಠಿಯ ‘ಗೋಳೀಬಾರ’ವೇ ಕನ್ನಡದ ಗೋಲಿಬಾರ್. ಅಲ್ಲಿ ‘ಠಾರ್’, ಇಲ್ಲಿ ‘ಸಾವು’. ಗಡಿ ವಿಷಯಕ್ಕೆ ಕಿತ್ತಾಡುವ ಎರಡೂ ಭಾಷೆಯ ಪತ್ರಿಕೆಗಳು ಈ ಒಂದು ವ್ಯಾಕರಣದಲ್ಲಿ ಮಾತ್ರ ಒಂದೇ!

1981ರ ಮಾರ್ಚ್ ತಿಂಗಳು. ನಿಪ್ಪಾಣಿ ಆಗಿನ್ನೂ ಚಿಕ್ಕೋಡಿ ತಾಲ್ಲೂಕಿನೊಳಗಿತ್ತು. ತಂಬಾಕಿಗೆ ಸರಿಯಾದ ಬೆಲೆ ಕೇಳಿ ಸಾವಿರಾರು ರೈತರು, ಹೆಂಗಸರು ಮಕ್ಕಳ ಸಮೇತ, ಎತ್ತಿನ ಗಾಡಿ ಹೂಡಿಕೊಂಡು ಬಂದು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಶೇತಕರಿ ಸಂಘಟನೆಯ ಶರದ ಜೋಶಿ ಮುಂದಾಳು. ಮೂರು ವಾರ ದಾಟಿದರೂ ಜನ ಏಳಲಿಲ್ಲ. ಏಪ್ರಿಲ್ 6ರಂದು ಪೊಲೀಸರು ಅವರನ್ನು ಎಬ್ಬಿಸಲು ಬಂದರು, ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರನ್ನು ಕೊಂದರು. ಮುಖ್ಯಮಂತ್ರಿ ಆರ್. ಗುಂಡೂರಾವ್.

ಈ ಮೇಲಿನ ‘ಕೊಂದರು’ ಬರೆಯುವಾಗ ನನ್ನ ಕೈಯೂ ಒಮ್ಮೆ ತಡೆಯಿತು, ‘ಮೃತಪಟ್ಟರು’ ಅಂತ ಬರೆಯೋಣವೇ ಅಂತ. ಅಷ್ಟು ರೂಢಿಯಾಗಿದೆ ನೋಡಿ.

ವಿಚಿತ್ರ ಅಂದರೆ ಕಾನೂನು ಹೀಗೆ ಮಾತಾಡುವುದಿಲ್ಲ. ಆಗ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮು, ಗುಂಪು ಚದುರಲಿ ಅಂತ ಆಜ್ಞೆ ಕೊಡುವವನು ಯಾರು ಅಂತ ಹೇಳುತ್ತದೆ: ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣೆಯ ಅಧಿಕಾರಿ. ಅಂದರೆ ಬಾಯಿ ತೆರೆದು ಆಜ್ಞೆ ಕೊಡುವ ಒಬ್ಬ ಮನುಷ್ಯ ಇರಲೇಬೇಕು. ಆದರೆ ಮೂರೇ ಕಲಮು ಮುಂದೆ, 132ರಲ್ಲಿ, ಸರ್ಕಾರದ ಅನುಮತಿ ಇಲ್ಲದೆ ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಕಾನೂನು ಕರ್ತೃವನ್ನು ತೋರಿಸಿ ಬಾಗಿಲು ಹಾಕಿತು. ತಲೆಬರಹ ತೋರಿಸಲೇ ಇಲ್ಲ.

ಇದರ ಹಿಂದಿನ ವರ್ಷ, 1980ರ ಜುಲೈ 21ರಂದು, ನರಗುಂದ–ನವಲಗುಂದದಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೂ ಪೊಲೀಸರು ಗುಂಡು ಹಾರಿಸಿದ್ದರು. ನರಗುಂದದಲ್ಲಿ ಗುಂಪು ಪೊಲೀಸರನ್ನೂ ಕೊಂದಿತು. ಅದು ಸಣ್ಣ ಮಾತಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಆದರೆ ಇಂಥ ಕಡೆ ‘ಉದ್ರಿಕ್ತ ಗುಂಪು’ ಅಂತ ಕರ್ತೃ ತಕ್ಷಣ ಸಿಗುತ್ತದೆ, ವಿಶೇಷಣ ಸಮೇತ! ‘ಉದ್ರಿಕ್ತ ಪೊಲೀಸರು’ ಅಂತ ನೀವು ಎಷ್ಟು ಸಲ ಓದಿದ್ದೀರಿ?

ಇನ್ನೊಂದು ಪದ ನನ್ನನ್ನು ಬಹಳ ಕಾಡುತ್ತದೆ. ರಾಯಬಾಗ, ಅಥಣಿ, ಕಾಗವಾಡ ಕಡೆ ಕಬ್ಬೇ ಬದುಕು. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದ ಹತ್ತಿರ ಕಬ್ಬಿನ ಬೆಲೆಗಾಗಿ ಧರಣಿ ನಡೆದಾಗ ರಾಯಬಾಗ ತಾಲ್ಲೂಕಿನ ರೈತರೊಬ್ಬರು ಅಲ್ಲೇ ಜೀವ ಕಳೆದುಕೊಂಡರು. ಇಂಥ ಸುದ್ದಿಗೆ ಇರುವುದು ಒಂದೇ ತಲೆಬರಹ: ‘ರೈತ ಆತ್ಮಹತ್ಯೆ’. ಇಷ್ಟು ವರ್ಷ ಕರ್ತೃವೇ ಸಿಗದ ವ್ಯಾಕರಣಕ್ಕೆ ಇಲ್ಲಿ ಥಟ್ಟನೆ ಒಬ್ಬ ಸಿಕ್ಕಿಬಿಟ್ಟ. ಬಾಕಿ ಇಟ್ಟವರಿಲ್ಲ, ಬೆಲೆ ಕಟ್ಟದವರಿಲ್ಲ. ಸತ್ತವನೇ ಹತ್ಯೆ ಮಾಡಿದವನು.