ಗಡಿ, ಗುಳೆ ಮತ್ತು ಮರಳುವ ಹಾದಿ

ವಾಡಿ ಜಂಕ್ಷನ್ನಿನಿಂದ ಪೂರ್ವಕ್ಕೆ ಹೊರಡುವ ರೈಲು ಚಿತ್ತಾಪುರ, ಸೇಡಂಗಳನ್ನು ದಾಟಿ ತಾಂಡೂರು ಸೇರುತ್ತದೆ. 1874ರಲ್ಲಿ ವಾಡಿ–ಸಿಕಂದರಾಬಾದ್ ಮಾರ್ಗ ತೆರೆದಾಗ ಈ ಊರುಗಳ ನಡುವೆ ಗಡಿಯಿರಲಿಲ್ಲ. ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಆ ರಾಜ್ಯ ಮೂರು ಪಾಲಾಯಿತು. ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ನಕ್ಷೆಯ ಮೇಲೆ ಗೆರೆ ಬಿದ್ದರೂ ಬೀಗತನ, ಸಂತೆ, ಕೂಲಿ ಯಾವುದೂ ನಿಲ್ಲಲಿಲ್ಲ.

ಶಹಾಬಾದಿನ ಹಾಸುಗಲ್ಲು, ವಾಡಿ–ಸೇಡಂಗಳ ಸಿಮೆಂಟು ದೂರದ ನಗರಗಳಿಗೆ ಸಾಗುತ್ತವೆ. ಕಟ್ಟಡ ಕಟ್ಟುವ ಕೈಗಳೂ ಇಲ್ಲಿಂದ ಹೋಗುತ್ತವೆ. ತೊಗರಿಯ ರಾಶಿ ಮುಗಿದ ಮೇಲೆ ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರುಗಳಿಗೆ ಗುಳೆ ಹೊರಡುವುದು ಇಲ್ಲಿ ಹಳೆಯ ವಾಡಿಕೆ. ರೈಲಿಲ್ಲದ ಚಿಂಚೋಳಿಯವರಿಗೆ ತಾಂಡೂರು, ಜಹೀರಾಬಾದಿನ ರಸ್ತೆಗಳೇ ಆಧಾರ. ಎಳೆಯ ಮಕ್ಕಳು ತಂದೆತಾಯಿಯರೊಡನೆ ಹೋಗುತ್ತಾರೆ. ಶಾಲೆಗೆ ಹೋಗುವವರು ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ. ಹರೆಯಕ್ಕೆ ಬಂದವರು ತಾವೇ ದುಡಿಯಲು ಹೊರಡುತ್ತಾರೆ. ಹೀಗೆ ಒಂದೇ ಕುಟುಂಬ ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತದೆ.

ಈ ಕುಟುಂಬಗಳಿಗೆ ಗಡಿಯ ಅರ್ಥ ತಿಳಿದದ್ದು 2020ರಲ್ಲಿ. ದೇಶದ ಮೊದಲ ಕೋವಿಡ್ ಸಾವು ಆ ಮಾರ್ಚಿನಲ್ಲಿ ಕಲಬುರಗಿಯವರೊಬ್ಬರದಾಗಿತ್ತು. ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾಯಿತು. ರೈಲು ನಿಂತವು, ಬಸ್ಸು ನಿಂತವು, ಕೂಲಿಯೂ ನಿಂತಿತು. ಮನೆಗೆ ಮರಳುವ ಹಂಬಲ ಮಾತ್ರ ನಿಲ್ಲಲಿಲ್ಲ. ತೆಲಂಗಾಣದಿಂದ ರಾಯಚೂರು ಜಿಲ್ಲೆಗೆ ತೆರೆದ ವಾಹನದಲ್ಲಿ ಮರಳುತ್ತಿದ್ದ ಕೂಲಿಕಾರರಿಗೆ ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ ಲಾರಿ ಬಡಿಯಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ಏಪ್ರಿಲ್‌ನಲ್ಲಿ, ತೆಲಂಗಾಣದ ಮೆಣಸಿನಕಾಯಿ ಹೊಲಗಳಿಂದ ಛತ್ತೀಸಗಢದ ಬಿಜಾಪುರ ಜಿಲ್ಲೆಯ ತನ್ನೂರಿಗೆ ಕಾಡುಹಾದಿಯಲ್ಲಿ ನಡೆದು ಹೊರಟ 12 ವರ್ಷದ ಆದಿವಾಸಿ ಬಾಲಕಿ ಮನೆ ತಲುಪುವ ಮುನ್ನವೇ ಅಸುನೀಗಿದಳು. ಮೇ 1ರಿಂದ ಶ್ರಮಿಕ ರೈಲುಗಳು ಓಡತೊಡಗಿದವು. ಆದರೂ ಮೇ 18ರಂದು ನಮ್ಮ ರಾಜ್ಯ ಸರ್ಕಾರ ಮಹಾರಾಷ್ಟ್ರ ಸೇರಿ ನಾಲ್ಕು ರಾಜ್ಯಗಳಿಂದ ಬರುವವರ ಪ್ರವೇಶವನ್ನು ತಿಂಗಳ ಕೊನೆಯವರೆಗೆ ನಿರ್ಬಂಧಿಸಿತು. ಮುಂಬೈ, ಪುಣೆಗಳಲ್ಲಿದ್ದ ನಮ್ಮ ಜಿಲ್ಲೆಯವರಿಗೆ ತಾಯ್ನಾಡೇ ಪರರಾಜ್ಯವಾಯಿತು.

ರೋಗ ಹರಡದಂತೆ ತಡೆಯುವುದು ಆಳುವವರ ಕರ್ತವ್ಯವೇ. ಆದರೆ ತಾಯಿಯ ಬಳಿಗೆ ನಡೆದುಹೊರಟ ಮಗುವನ್ನು ಆದೇಶ ಮುರಿದ ಅಪರಾಧಿಯೆಂದು ಮಾತ್ರ ಕಾಣಬಹುದೇ? ಇಲ್ಲಿ ಸಂತ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಮತ್ತೆ ಓದಬೇಕಾಗುತ್ತದೆ. ಈಜಿಪ್ಟಿಗೆ ಓಡಿಹೋದದ್ದನ್ನು ನಾವು ಬೋಧಿಸುತ್ತೇವೆ. ಮರಳಿ ಬಂದ ಹಾದಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಹೆರೋದನು ಸತ್ತಮೇಲೆ ಅವನ ರಾಜ್ಯವನ್ನು ಮಕ್ಕಳಿಗೆ ಹಂಚಲಾಯಿತು. ಜುದೇಯ ಅರ್ಖೆಲಾಯನಿಗೆ, ಗಲಿಲೇಯ ಅಂತಿಪನಿಗೆ. ನಿನ್ನೆ ಇಲ್ಲದ ಗಡಿ ಇಂದು ಎದುರಾಗಿತ್ತು. ಜೋಸೆಫರು ಜುದೇಯಕ್ಕೆ ಹೋಗಲು ಅಂಜಿ, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಗಲಿಲೇಯದತ್ತ ತಿರುಗಿದರು. ಯೇಸುಸ್ವಾಮಿ ‘ನಜರೇತಿನವರು’ ಎನಿಸಿಕೊಂಡದ್ದರ ಹಿಂದೆ ಮರಳುವ ಹಾದಿಯ ಈ ಭಯವಿದೆ.

1952ರಲ್ಲಿ ಹನ್ನೆರಡನೆಯ ಪಯಸ್ ಅವರು ತಮ್ಮ ಪ್ರೇಷಿತ ಸಂವಿಧಾನದಲ್ಲಿ ಪವಿತ್ರ ಕುಟುಂಬವನ್ನು ಎಲ್ಲ ವಲಸೆ ಕುಟುಂಬಗಳ ಮಾದರಿಯೆಂದು ತೋರಿದರು. ವಿಶ್ವಗುರು ಫ್ರಾನ್ಸಿಸರು 2017ರ ವಲಸಿಗರ ದಿನದ ಸಂದೇಶವನ್ನು ಮಕ್ಕಳಿಗಾಗಿಯೂ, 2020ರದನ್ನು ಸ್ವದೇಶದಲ್ಲೇ ನೆಲೆ ತಪ್ಪಿದವರಿಗಾಗಿಯೂ ಮೀಸಲಿಟ್ಟರು. ಬೋಧನೆಗೆ ಕೊರತೆಯಿರಲಿಲ್ಲ, ಕೊರತೆ ನಮ್ಮಲ್ಲಿತ್ತು. ಆ ವಾರಗಳಲ್ಲಿ ನಾನು ಬೀಗ ಹಾಕಿದ ದೇವಾಲಯದಲ್ಲಿ ಒಬ್ಬನೇ ಬಲಿಪೂಜೆ ಅರ್ಪಿಸುತ್ತಿದ್ದೆ. ಗೇಟಿಗೂ ಬೀಗ ಹಾಕಿದ್ದೆ. ಜನ ಸೇರದಿರಲೆಂಬ ಆದೇಶವಿತ್ತು, ನಿಜ. ಅಂಗಳದ ನಲ್ಲಿಯನ್ನು ದಾರಿಹೋಕರಿಗೆ ಮುಚ್ಚಬೇಕೆಂದು ಯಾರೂ ಹೇಳಿರಲಿಲ್ಲ.

ಕಲಬುರಗಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ; ಇನ್ನೂ ಎಳೆಯದು. ನಾಳೆ ಇಲ್ಲಿ ಸೇವೆಗೆ ಬರುವ ಗುರುವಿದ್ಯಾರ್ಥಿಗಳು ಮನೆ ಭೇಟಿಗೆ ಹೋದಾಗ ಮನೆಯಲ್ಲಿರುವವರ ಹೆಸರನ್ನಷ್ಟೇ ಬರೆದುಕೊಳ್ಳದಿರಲಿ. ಗುಳೆ ಹೋದವರು ಯಾರು, ಎಲ್ಲಿದ್ದಾರೆ, ಮಕ್ಕಳು ಯಾರ ಬಳಿ ಇದ್ದಾರೆ ಎಂದು ಕೇಳಿ ಬರೆದಿಡಲಿ. ಗಡಿಯಾಚೆಯ ಧರ್ಮಕೇಂದ್ರದ ಗುರುಗಳಿಗೆ ತಿಳಿಸಲಿ. ಮತ್ತೊಮ್ಮೆ ಹಾದಿ ಮುಚ್ಚಿದ ದಿನ, ಯಾರನ್ನು ಎಲ್ಲಿ ಹುಡುಕಬೇಕೆಂದಾದರೂ ನಮಗೆ ತಿಳಿದಿರುತ್ತದೆ.